ಕಂಬದ ಮೇಲಿನ ಅಕ್ಕ

ನಮ್ಮ ಬೀದಿಯಲ್ಲಿ ಇಬ್ಬರು ಅಕ್ಕಂದಿರಿದ್ದಾರೆ. ಒಬ್ಬಳು ಬೀದಿಯ ತುದಿಯ ಮಹಡಿ ಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾಳೆ, ಮಾತಾಡುವುದಿಲ್ಲ. ಇನ್ನೊಬ್ಬಳು ದೀಪದ ಕಂಬದ ಮೇಲಿದ್ದಾಳೆ, ಬಾಯಿ ಮುಚ್ಚುವುದಿಲ್ಲ. ಇಬ್ಬರೂ ಒಬ್ಬಳೇ ಎಂದು ಪರಸ್ಥಳದವರಿಗೆ ವಿವರಿಸಲು ಹೋದರೆ ಅವರು ಅರ್ಧಕ್ಕೇ ಗಡಿಯಾರ ನೋಡಿ, "ಬಸ್ಸಿಗೆ ಹೊತ್ತಾಯ್ತು" ಎಂದು ಎದ್ದುಬಿಡುತ್ತಾರೆ. ಆ ಹೊತ್ತಿಗೆ ಯಾವ ಬಸ್ಸೂ ಇಲ್ಲ. ಆದ್ದರಿಂದ ಬರೆದಿಡುತ್ತಿದ್ದೇನೆ, ಓದುತ್ತ ಎದ್ದುಹೋಗುವವರು ನನ್ನ ಕಣ್ಣಿಗೆ ಬೀಳುವುದಿಲ್ಲ.

ಅಕ್ಕ ಬಸ್ ನಿಲ್ದಾಣದ ಟಿಕೆಟ್ ಕಿಟಕಿಗೆ ಕೆಲಸಕ್ಕೆ ಸೇರಿದವಳು. ಪ್ರಕಟಣೆ ಹೇಳುವಾತನಿಗೆ ಒಂದು ದಿನ ಗಂಟಲು ಕಟ್ಟಿತು, ಇವಳು ಮೈಕಿನ ಮುಂದೆ ಕೂತಳು. ಅವನ ಗಂಟಲು ಬಿಟ್ಟರೂ ಇವಳು ಕುರ್ಚಿ ಬಿಡಲಿಲ್ಲ. ಮೊದಲು ಗಂಟಲು ಸರಿಮಾಡಿಕೊಳ್ಳುವ ಒಂದು ಸಣ್ಣ "ಹ್ಞುಂ", ಆಮೇಲೆ "ದಯವಿಟ್ಟು ಗಮನಿಸಿ". ಆ ಹ್ಞುಂ ಕೇಳಿದರೆ ಜಗಳವಾಡುತ್ತಿದ್ದ ಕೂಲಿಗಳು ಎತ್ತಿದ ಕೈಯನ್ನು ಅಲ್ಲೇ ನಿಲ್ಲಿಸುತ್ತಿದ್ದರು. ತಪ್ಪಿಸಿಕೊಂಡ ಮಕ್ಕಳು ಅಳು ನಿಲ್ಲಿಸಿ, ತಮ್ಮ ಅಂಗಿಯ ಬಣ್ಣ ಹೇಳುತ್ತಾಳೋ ಎಂದು ಕಿವಿ ನಿಮಿರಿಸುತ್ತಿದ್ದವು. ಹೀಗೆ ಅವಳ ಹೆಸರು ಅಳಿದು "ಗಮನಿಸಿ ಅಕ್ಕ" ಎಂದು ಉಳಿಯಿತು.

ಅಕ್ಕನಿಗೆ ಇದರ ಬಗ್ಗೆ ಬಿಗುಮಾನ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮನೆಯಲ್ಲೂ ಅವಳು ಪ್ರಕಟಣೆಯನ್ನೇ ಆಡುತ್ತಿದ್ದಳು. "ದಯವಿಟ್ಟು ಗಮನಿಸಿ. ಚಹಾ ಸಿದ್ಧವಾಗಿದೆ."

ಅವಳ ನಾದಿನಿ, ಶಾಲೆಯ ಸಮವಸ್ತ್ರ ಹೊಲಿಯುವವಳು, ಅದೇ ಮನೆಯಲ್ಲಿದ್ದಳು. ಬಸ್ ಮೆಕ್ಯಾನಿಕ್ ಆಗಿದ್ದ ಅವಳ ಅಣ್ಣ, ಅಕ್ಕನ ಗಂಡ, ತೀರಿಕೊಂಡ ಮೇಲೆ ಅತ್ತಿಗೆಗೆ ಜೊತೆ ಎಂದರೂ ಅವಳೇ, ಎದುರಾಳಿ ಎಂದರೂ ಅವಳೇ. ಹೊಲಿಗೆ ಯಂತ್ರದ ಹಿಂದಿನಿಂದ ಉತ್ತರ ಬರುತ್ತಿತ್ತು: "ಅತ್ತಿಗೇ, ಯಾವ ಪ್ಲಾಟ್‌ಫಾರ್ಮಿಗೆ ಬರುತ್ತೆ ಚಹಾ? ಸಕ್ಕರೆ ಹತ್ತಿದೆಯೋ, ಇನ್ನೂ ಹತ್ತಬೇಕೋ?"

ಕಂಪನಿ ಬಂದದ್ದು ಆಗ. ಸಮುದ್ರದಾಚೆಯ ಕಂಪನಿ, ಅದರ ಹೆಸರನ್ನು ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಿದ್ದರು, ಯಾವುದೂ ಸರಿಯಿರಲಿಲ್ಲ. ಊರಿನ ಬೆನ್ನಿಗಿದ್ದ ಬೆಟ್ಟದಲ್ಲಿ ಏನೋ ಲೋಹ ಇದೆಯಂತೆ. ಬೆಟ್ಟ ಅಗೆದು ಇಲಿ ಹಿಡಿದರು ಎಂದು ನಮ್ಮಲ್ಲಿ ಗಾದೆ. ಇವರು ಇಲಿಯನ್ನೊಂದು ಬಿಟ್ಟು ಉಳಿದದ್ದನ್ನೆಲ್ಲ ಹಿಡಿದರು. ಇಲಿಗಳು ನಮ್ಮ ಮನೆಗಳಿಗೆ ಬಂದವು.

ಮಧ್ಯಾಹ್ನದ ಊಟದ ಹೊತ್ತಿಗೆ ಬಂಡೆ ಸಿಡಿಸುತ್ತಿದ್ದರು. ಅದಕ್ಕೆ ಮೊದಲು ಸೈರನ್. ಸೈರನ್ ಕೂಗಿದರೆ ಜನ ಒಳಗೆ ಹೋಗುತ್ತಾರೆ ಎಂಬುದು ಅವರ ದೇಶದ ನಂಬಿಕೆ. ನಮ್ಮ ದೇಶದಲ್ಲಿ ಸೈರನ್ ಕೂಗಿದರೆ ಏನಾಯಿತೆಂದು ನೋಡಲು ಜನ ಹೊರಗೆ ಬರುತ್ತಾರೆ. ಮೊದಲ ದಿನವೇ ಅಜ್ಜಿಯರು ಕುರ್ಚಿ ಹಾಕಿಕೊಂಡು ಕೂತರು. ಕಂಪನಿಯ ಸಂಪರ್ಕಾಧಿಕಾರಿ, ನಮ್ಮ ಮಾತೇ ಬಲ್ಲ ಇಸ್ತ್ರಿ ಅಂಗಿಯ ಮನುಷ್ಯ, ತಲೆಯ ಮೇಲೆ ಕೈಹೊತ್ತು ಕೂತ. ಈ ಊರು ಯಾರ ಮಾತು ಕೇಳುತ್ತದೆ ಎಂದು ವಿಚಾರಿಸಿದ. ಯಾರೋ ಅಕ್ಕನ ಮನೆ ತೋರಿಸಿದರು.

ಅಕ್ಕನನ್ನು ಕಾರಿನಲ್ಲಿ ಕರೆದೊಯ್ದು, ಗೋಡೆಗೆಲ್ಲ ಹಾಸಿಗೆಯಂಥದ್ದನ್ನು ಹೊದಿಸಿದ ಒಂದು ಕೋಣೆಯಲ್ಲಿ ಕೂರಿಸಿದರು. ಆ ಕೋಣೆಯಲ್ಲಿ ತನ್ನ ಉಸಿರೇ ತನಗೆ ಬೇರೆಯವರ ಉಸಿರಿನ ಹಾಗೆ ಕೇಳುತ್ತಿತ್ತಂತೆ. ಎಚ್ಚರಿಕೆಯ ಮಾತು ಹೇಳಿಸಿದರು, ಮುಗಿದ ಮೇಲಿನ ಮಾತು ಹೇಳಿಸಿದರು. ಆಮೇಲೆ ಬಿಡಿ ಬಿಡಿಯಾಗಿ ಪದಗಳನ್ನು ಓದಿಸಿದರು. ನೀರು. ಗಾಳಿ. ಧೂಳು. ಭಯ. ಇದೆ. ಇಲ್ಲ. ಬೇಡ. ಪದಗಳು ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು, ಮರುದಿನವೂ ಕಾರು ಬಂತು.

"ಡಿಕ್ಷನರಿನೇ ನನ್ನ ಕೈಲಿ ಹೇಳಿಸಿದ್ರು ತಮ್ಮಾ" ಎಂದು ನನ್ನ ಕನ್ನಡಕದ ಅಂಗಡಿಗೆ ಬಂದು ಹೇಳಿದಳು. ಮುಖ ಬೆಳಗುತ್ತಿತ್ತು.

"ಇಷ್ಟೆಲ್ಲ ಮಾತು ಅವರಿಗೆ ಯಾಕಕ್ಕಾ?"

"ಒಳ್ಳೇ ದನಿ ಸಿಕ್ಕಾಗ ತುಂಬಿಟ್ಕೋತಾರಪ್ಪ. ನಿನ್ನ ದನಿಯಾಗಿದ್ರೆ ಎರಡು ಪದಕ್ಕೇ ಸಾಕು ಅಂತಿದ್ರು."

ಅದಾದ ಮೇಲೆ ಬೀದಿಬೀದಿಯ ಕಂಬದ ಮೇಲೆ ತುತ್ತೂರಿಯಾಕಾರದ ಸ್ಪೀಕರುಗಳು ಬಂದವು. "ಹ್ಞುಂ. ದಯವಿಟ್ಟು ಗಮನಿಸಿ. ಎಲ್ಲರೂ ಒಳಗೆ ಹೋಗಿ. ಕಿಟಕಿಗಳನ್ನು ಮುಚ್ಚಿಕೊಳ್ಳಿ." ನಾವು ಒಳಗೆ ಹೋದೆವು. ನೆಲ ನಡುಗಿತು, ಪಾತ್ರೆ ಅಲುಗಿದವು. "ಹ್ಞುಂ. ಈಗ ಹೊರಗೆ ಬರಬಹುದು." ಹೊರಗೆ ಬಂದೆವು. ವರ್ಷಗಳುರುಳಿದಂತೆ ಇದು ಎಷ್ಟು ಮೈಗೂಡಿತೆಂದರೆ, ಹ್ಞುಂ ಎಂದ ಕೂಡಲೇ ನಾಯಿಗಳೂ ಮೇಜಿನ ಕೆಳಗೆ ಸೇರುತ್ತಿದ್ದವು. ಕಾಲು ತಾನಾಗಿ ಹೋಗುತ್ತಿತ್ತು. ತಲೆಯನ್ನು ಯಾರೂ ಕೇಳುತ್ತಿರಲಿಲ್ಲ.

ಗೋಡೆಗಳು ಬಿರುಕು ಬಿಟ್ಟವು. ನನ್ನ ಅಂಗಡಿಗೆ ಮಾತ್ರ ಒಳ್ಳೆಯ ಕಾಲ: ಕಣ್ಣು ಮಂಜಾಗಿದೆ ಎಂದು ಬಂದವರ ಕನ್ನಡಕದ ಧೂಳು ಒರೆಸಿ ಕೊಟ್ಟರೆ, "ಆಹಾ, ನಿಮ್ಮ ಕೈಗುಣ" ಎನ್ನುತ್ತಿದ್ದರು. ಕೆರೆಯ ನೀರಿಗೆ ತುಕ್ಕಿನ ಬಣ್ಣ ಬಂತು. ಮಳೆ ಬಿದ್ದರೂ ಕಪ್ಪೆಗಳು ವಟಗುಟ್ಟಲಿಲ್ಲ. ಹಕ್ಕಿಗಳು ಯಾವಾಗ ಹೋದವೋ ಯಾರಿಗೂ ನೆನಪಿಲ್ಲ. ಹೋಗುವ ಮುನ್ನ ಅವು ಪ್ರಕಟಣೆ ಕೊಡಲಿಲ್ಲ. ಕಡೆಗೆ ಬೆಳಗಿನಿಂದ ಸಂಜೆಯವರೆಗೆ ಊರ ಮೇಲೆ ಹಾರಾಡುತ್ತಿದ್ದುದು ಅಕ್ಕನ ದನಿಯೊಂದೇ.

ಒಂದು ಬೆಳಿಗ್ಗೆ ಅಕ್ಕ ನಲ್ಲಿ ತಿರುಗಿಸಿದಳು. ಕೊಡಕ್ಕೆ ಬಿದ್ದ ನೀರು ಕಡುಚಹಾದಂತಿತ್ತು. ಅವಳು ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಹೊರಗಿನ ಕಂಬ ಮಾತಾಡಿತು.

"ಹ್ಞುಂ. ದಯವಿಟ್ಟು ಗಮನಿಸಿ. ನೀರಿನ ಬಣ್ಣ ಬದಲಾಗಿದೆ. ಭಯ ಬೇಡ. ನೀರು ಕುಡಿಯಲು ಯೋಗ್ಯವಾಗಿದೆ."

ಅಕ್ಕನ ಬಾಯಿ ತೆರೆದೇ ಇತ್ತು. ನಾದಿನಿ ಹೊಲಿಗೆ ನಿಲ್ಲಿಸಿ ಅವಳನ್ನು ನೋಡಿದಳು.

"ಅತ್ತಿಗೇ, ಈ ಮಾತು ಯಾವಾಗ ಹೇಳಿ ಬಂದ್ರಿ?"

"ನಾನು ಹೇಳಿಲ್ಲ ಕಣೇ."

"ನಿಮ್ಮ ದನಿ. ನಿಮ್ಮ ಹ್ಞುಂ."

"ಹೇಳಿಲ್ಲ ಅಂದ್ನಲ್ಲ!"

ಬೀದಿಯಲ್ಲಿ ಜನ ಆ ನೀರನ್ನೇ ಕುದಿಸಿ ಕುಡಿದರು. ಗಮನಿಸಿ ಅಕ್ಕ ಹೇಳಿದ ಮೇಲೆ ಇನ್ನೇನು? ಅವಳು ಮನೆಮನೆಗೆ ಹೋಗಿ "ಕುಡೀಬೇಡಿ" ಎಂದಳು. "ಬೆಳಿಗ್ಗೆ ಕುಡೀರಿ ಅಂದ್ರಿ, ಈಗ ಬೇಡ ಅಂತೀರಾ. ವಯಸ್ಸಾಯ್ತು ನೋಡಿ ಅಕ್ಕಾ" ಎಂದರು.

ಆಮೇಲೆ ಕಂಬ ದಿನಕ್ಕೊಂದು ಹೊಸ ಮಾತು ಕಲಿಯಿತು. ಧೂಳಿನಿಂದ ಕೆಮ್ಮು ಬರುವುದಿಲ್ಲ. ಬಿರುಕು ಹಳೆಯದು. ಕಂಪನಿ ನಿಮ್ಮ ನೆರೆಯವರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅಕ್ಕನ ಮಾತು ಆಡಿದರೂ ಹೋಗಿರಲಿಲ್ಲ. ಅಂದು ಓದಿಸಿದ ಬಿಡಿ ಪದಗಳು ಎಲ್ಲೋ ಕೂತು ಒಂದಕ್ಕೊಂದು ಕೈ ಹಿಡಿದುಕೊಳ್ಳುತ್ತಿದ್ದವು. ಅಕ್ಕ ಅಡುಗೆಮನೆಯಲ್ಲಿ ನಿಂತು, ಒಮ್ಮೊಮ್ಮೆ ನಾದಿನಿಯನ್ನು ಕೇಳುತ್ತಿದ್ದಳಂತೆ: "ಈಗ ಮಾತಾಡಿದ್ದು ನಾನಾ?" ನಾದಿನಿ ಮೊದಮೊದಲು ನಕ್ಕಳು. ಆಮೇಲೆ ನಗದೆ, ಅತ್ತಿಗೆಯ ತುಟಿ ನೋಡಿ ಉತ್ತರ ಕೊಡತೊಡಗಿದಳು.

ಅಕ್ಕ ಕಂಪನಿಯ ಕಚೇರಿಗೆ ಹೋದಳು, ಜೊತೆಗೆ ನಾನೂ ಹೋದೆ. ಇಸ್ತ್ರಿ ಅಂಗಿಯವನು ಚಹಾ ತರಿಸಿದ.

"ನನ್ನ ದನಿ ನನಗೆ ವಾಪಸ್ ಕೊಡಪ್ಪ."

"ಅಮ್ಮಾ, ನಿಮ್ಮ ದನಿ ನಿಮ್ಮ ಹತ್ರಾನೇ ಇದೆಯಲ್ಲ, ಈಗ ಕೇಳ್ತಿದೆ ನಂಗೆ" ಎಂದು ಆತ ಬಹಳ ವಿನಯದಿಂದ ಹೇಳಿದ. "ಕಂಬದ ಮೇಲಿರೋದು ನಮ್ಮದು. ನಿಮ್ಮದನ್ನ ನೀವು ಧಾರಾಳವಾಗಿ ಉಪಯೋಗಿಸಿ. ನಮ್ಮ ಅಭ್ಯಂತರ ಏನೂ ಇಲ್ಲ."

ಅಷ್ಟರಲ್ಲಿ ಬೆಟ್ಟದ ಈ ಮಗ್ಗುಲಿನ ಲೋಹ ಮುಗಿಯುತ್ತ ಬಂದಿತ್ತು. ಅದರ ಬಾಲ ನಮ್ಮ ಬೀದಿಯ ಕೆಳಗೆ ಹರಿದಿದೆ ಎಂದು ಕಂಪನಿ ಕಂಡುಹಿಡಿಯಿತು. ಬೀದಿಯನ್ನು ಎಬ್ಬಿಸಿ ಗುಂಡಿ ಮಾಡಬೇಕು. ಅದಕ್ಕೆ ಮೊದಲು ಸರ್ಕಾರದ ಅಧಿಕಾರಿಯೊಬ್ಬ ಬಂದು ಜನರ ಅಹವಾಲು ಕೇಳಬೇಕು. ನಿಯಮ ಸರಳವಾಗಿತ್ತು: ಸಭೆಯಲ್ಲಿ ಎದ್ದು ನಿಂತು ಬಾಯಿಬಿಟ್ಟು ಬೇಡ ಎಂದವರದು ಮಾತ್ರ ಲೆಕ್ಕ. ಯಾರೂ ಏನೂ ಹೇಳದಿದ್ದರೆ ಒಪ್ಪಿಗೆ ಎಂದೇ ಅರ್ಥ.

ನಾವು ವಿರೋಧ ಸಮಿತಿ ಮಾಡಿದೆವು. ಅಧ್ಯಕ್ಷರು ನಿವೃತ್ತ ಪೋಸ್ಟ್ ಮಾಸ್ಟರು. ಅವರು ಕೆಮ್ಮಿದರೂ ಅದಕ್ಕೊಬ್ಬರು ಅನುಮೋದಕರು ಬೇಕು. ನಾನು ಕಾರ್ಯದರ್ಶಿ. ಮೊದಲ ಸಭೆ ಸಮಿತಿಗೆ ಯಾವ ಬಣ್ಣದ ಬ್ಯಾಡ್ಜು ಎಂಬ ಚರ್ಚೆಯಲ್ಲಿ ಮುಗಿಯಿತು. ಎರಡನೆಯದರಲ್ಲಿ, ನಮ್ಮ ಪರವಾಗಿ ಮೊದಲು ಅಕ್ಕ ಮಾತಾಡಬೇಕೆಂದು ತೀರ್ಮಾನವಾಯಿತು. ಅವಳ ದನಿಗೆ ಊರು ತಲೆಬಾಗುತ್ತದೆ, ಅಧಿಕಾರಿಯೂ ಬಾಗುತ್ತಾನೆ ಎಂಬುದು ನಮ್ಮ ಎಣಿಕೆ. ಇಂಥ ಎಣಿಕೆ ನಮ್ಮ ಸಮಿತಿಗೆ ಮಾತ್ರ ಹೊಳೆಯಬಲ್ಲದು.

ಸಭೆ ಬಯಲಿನಲ್ಲಿ, ಶಾಮಿಯಾನದ ಕೆಳಗೆ, ಬಂಡೆ ಸಿಡಿಸುವ ಮಧ್ಯಾಹ್ನದ ಹೊತ್ತಿಗೆ. ಊರಿಗೆ ಊರೇ ಸೇರಿತ್ತು. ಅಧಿಕಾರಿ ತಿಂಗಳಿನಿಂದ ಇಲ್ಲೇ ಬಿಡಾರ ಹೂಡಿದ್ದ. ಅಕ್ಕ ಹೊಸ ಶಾಲು ಹೊದ್ದು ವೇದಿಕೆ ಹತ್ತಿದಳು. ಬಹಳ ಕಾಲದ ಮೇಲೆ ಕೈಗೆ ಮೈಕು ಬಂದಿತ್ತು. ಅದನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಬೆನ್ನು ನೆಟ್ಟಗೆ ಮಾಡಿದಳು.

"ಹ್ಞುಂ. ದಯವಿಟ್ಟು ಗಮನಿಸಿ."

ಮುಂದಿನದು ನನಗೆ ನೆನಪಿರುವುದು ಹೀಗೆ: ನಾನು ನನ್ನ ಮಲಗುವ ಕೋಣೆಯಲ್ಲಿ ನಿಂತಿದ್ದೇನೆ, ಕಿಟಕಿಯ ಅಗುಳಿ ಕೈಯಲ್ಲಿದೆ. ಬಯಲಿನಿಂದ ಮನೆಗೆ ಹೇಗೆ ಬಂದೆ ಎಂಬುದು ತಿಳಿಯದು. ಕಿಟಕಿಯ ಸಂದಿಯಿಂದ ನೋಡಿದರೆ ಬೀದಿಯ ಕಿಟಕಿಗಳೆಲ್ಲ ಟಪಟಪನೆ ಮುಚ್ಚುತ್ತಿದ್ದವು. ಅಧ್ಯಕ್ಷರು ಬ್ಯಾಡ್ಜು ಸಮೇತ ತಮ್ಮ ಬಾಗಿಲೊಳಗೆ ನುಗ್ಗುತ್ತಿದ್ದರು. ಓಡುತ್ತಿದ್ದವರ ಮುಖದಲ್ಲಿ ಗಾಬರಿಯಿರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಮುಖದ ಹಾಗಿತ್ತು.

ಅತ್ತ ಬಯಲಿನಲ್ಲಿ, ಆಮೇಲೆ ತಿಳಿದಂತೆ, ಖಾಲಿ ಕುರ್ಚಿಗಳು. ವೇದಿಕೆಯ ಮೇಲೆ ಮೈಕು ಹಿಡಿದ ಅಕ್ಕ. ಮೇಜಿನ ಕೆಳಗೆ ಅಧಿಕಾರಿ. ಇಸ್ತ್ರಿ ಅಂಗಿಯವನೊಬ್ಬ ಮಾತ್ರ ಕಾಲಿನ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಅವನು ನಿಧಾನವಾಗಿ ಎದ್ದು ಮೈಕಿನ ವಯರು ಕಿತ್ತ.

ಅಕ್ಕ ಬೀದಿಗಿಳಿದು ಬಾಗಿಲು ಬಾಗಿಲು ತಟ್ಟಿದಳು. "ಹೊರಗೆ ಬನ್ರೋ! ಏನೂ ಇಲ್ಲ, ಬನ್ರೋ!" ಮೈಕಿಲ್ಲದ ಅವಳ ದನಿ ತೆಳ್ಳಗಿತ್ತು, ಏದುಸಿರಿತ್ತು. ಒಳಗಿನಿಂದ ಯಾರೋ ಗದರಿದರು: "ಯಾರ್ರೀ ಅದು ಬೀದೀಲಿ? ಒಳಗೆ ಹೋಗ್ರೀ, ಅಕ್ಕ ಇನ್ನೂ ಹೊರಗೆ ಬನ್ನಿ ಅಂದಿಲ್ಲ!"

ಅಂದು ನಮ್ಮನ್ನು ಉಳಿಸಿದ್ದು ಅಧಿಕಾರಿಯ ಮಾನ. ಯಾರೂ ಆಕ್ಷೇಪಿಸಲಿಲ್ಲ ಎಂದು ಬರೆಯುವಂತೆ ಇಸ್ತ್ರಿ ಅಂಗಿಯವನು ಒತ್ತಾಯಿಸಿದ. ಬರೆದರೆ, ಆಗ ತಾವೆಲ್ಲಿದ್ದಿರಿ ಎಂದು ಮೇಲಿನವರು ಕೇಳುತ್ತಾರಲ್ಲ? ಅಧಿಕಾರಿ ಮೊಣಕಾಲಿನ ಧೂಳು ಕೊಡವಿಕೊಂಡು, "ಮುಂದಿನ ತಿಂಗಳು ಇನ್ನೊಂದು ಸಭೆ. ಅದೇ ಕೊನೆ. ಅಲ್ಲೂ ಯಾರೂ ಬಾಯಿ ಬಿಡದಿದ್ದರೆ ನಾನು ಹೊಣೆಯಲ್ಲ" ಎಂದ. ಇಸ್ತ್ರಿ ಅಂಗಿಯವನು ಖಾಲಿ ಕುರ್ಚಿಗಳನ್ನೂ ಕಂಬದ ಮೇಲಿನ ಸ್ಪೀಕರನ್ನೂ ಒಂದಾದ ಮೇಲೊಂದು ನೋಡಿ, ತನಗೆ ತಾನೇ ತಲೆಯಾಡಿಸಿಕೊಂಡದ್ದನ್ನು ಅಕ್ಕ ಕಂಡಳು.

ಸಂಜೆ ಅವಳ ಮನೆಗೆ ಹೋದೆ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು. ಹೊರಗೆ ಕಂಬ, ಗಾಳಿ ಶುದ್ಧವಾಗಿದೆ ಎನ್ನುತ್ತಿತ್ತು.

"ತಮ್ಮಾ, ಮುಂದಿನ ಸಭೇಲಿ ಆ ಕಂಬದಿಂದಾನೇ ಒಳಗೆ ಹೋಗಿ ಅನ್ನಿಸ್ತಾನೆ ಅವನು. ಎಲ್ಲ ಓಡ್ತೀರಿ."

"ಇನ್ನು ಓಡಲ್ಲ ಅಕ್ಕಾ."

"ನೀನೇ ಮೊದಲು ಓಡ್ತೀಯ. ಇವತ್ತು ನೋಡಿದ್ನಲ್ಲ, ಚಪ್ಪಲಿ ಬಿಟ್ಟು ಓಡ್ದೆ." ಅವಳು ನಗಲಿಲ್ಲ. "ಒಂದೇ ದನಿ ಇಬ್ಬರ ಬಾಯಲ್ಲಿದ್ರೆ ಜನ ಯಾರನ್ನ ನಂಬ್ತಾರೆ ಹೇಳು? ಅದು ಸುಮ್ಮನಾಗಲ್ಲ. ನಾನೇ ಆಗ್ತೀನಿ. ಈ ದನಿ ಕೇಳಿಸ್ತು ಅಂದ್ರೆ ಅದು ಅಕ್ಕ ಅಲ್ಲ ಅಂತ ಎಲ್ಲರಿಗೂ ಹೇಳು."

"ಸಿಡಿಸೋದು ನಿಜವಾಗಿದ್ರೆ? ಯಾರು ಎಚ್ಚರಿಸ್ತಾರೆ?"

ಅವಳು ಮೇಲೆ ಬೆರಳು ತೋರಿಸಿದಳು. ಅವಳ ಮಹಡಿಯ ಕಿಟಕಿಯಿಂದ ಬೆಟ್ಟ ಅಗೆದ ಗುಂಡಿಯ ಅಂಚು ಕಾಣುತ್ತದೆ. ಸಿಡಿಸುವ ಮೊದಲು ಕೆಲಸಗಾರರು ಅಲ್ಲಿ ಕೆಂಪು ಬಾವುಟ ಏರಿಸುತ್ತಾರೆ. "ಬಾವುಟ ಏರಿದ್ರೆ ಕಿಟಕಿ ಮುಚ್ತೀನಿ. ಇಳಿದ್ರೆ ತೆಗೀತೀನಿ. ಕಿವಿ ಬೇಡ, ಕಣ್ಣು ಇಡಿ ಅನ್ನು. ನಿನ್ನ ವ್ಯಾಪಾರಾನೂ ಅದೇ ಅಲ್ವಾ."

ನಾನು ಕೇಳಿದ ಅವಳ ಕೊನೆಯ ಮಾತು ಅದು. ಅದನ್ನೇ ಮನೆಮನೆಗೆ ಹೋಗಿ ಹೇಳಿಬಂದೆ. ನಾದಿನಿ ಒಂದು ವಾರ ಅವಳನ್ನು ಕೆಣಕಿ ನೋಡಿದಳು. "ಅತ್ತಿಗೇ, ದಯವಿಟ್ಟು ಗಮನಿಸಿ, ಉಪ್ಪು ಜಾಸ್ತಿಯಾಗಿದೆ" ಎಂದಳು. ಉಪ್ಪಿನ ವಿಷಯಕ್ಕೆ ಎಂದೂ ಸೋಲದ ಅಕ್ಕ ನೀರಿನ ಲೋಟ ಮುಂದೆ ತಳ್ಳಿದಳು. ಅಂದು ನಾದಿನಿ ಒಲೆಯ ಮುಂದೆ ಕೂತು ಅತ್ತಳಂತೆ. ಅಧ್ಯಕ್ಷರು ಮಾತು ಬೆಳ್ಳಿ, ಮೌನ ಬಂಗಾರ ಎಂದು ಭಾಷಣ ಮಾಡಿದರು, ಬಹಳ ಹೊತ್ತು.

ಎರಡನೆಯ ಸಭೆಯ ದಿನ ಅಕ್ಕ ವೇದಿಕೆಯ ಅಂಚಿನಲ್ಲಿ, ಜನರಿಗೆ ಮುಖ ಮಾಡಿ ಕುರ್ಚಿ ಹಾಕಿಕೊಂಡು ಕೂತಳು. ಮಹಡಿಯ ಕಿಟಕಿಯಲ್ಲಿ ನಾದಿನಿಯನ್ನು ನಿಲ್ಲಿಸಿದ್ದಳು. ಬಯಲಿನಿಂದ ಆ ಕಿಟಕಿ ಚೆನ್ನಾಗಿ ಕಾಣುತ್ತದೆ. ಅಧಿಕಾರಿ, "ಯಾರಾದರೂ ಹೇಳುವುದಿದೆಯೇ?" ಎಂದು ಕೇಳಿದ. ಅಧ್ಯಕ್ಷರು ಭಾಷಣದ ಕಟ್ಟು ಬಿಚ್ಚುತ್ತ ಎದ್ದರು.

"ಹ್ಞುಂ" ಎಂದಿತು ಕಂಬ.

ನನ್ನ ಮೊಣಕಾಲು ಎದ್ದವು. ನಾನು ಎದ್ದೆ ಎಂದು ಹೇಳುತ್ತಿಲ್ಲ, ಮೊಣಕಾಲು ಎದ್ದವು. ಸುತ್ತ ನೋಡಿದರೆ ಊರೆಲ್ಲ ಅರ್ಧ ಎದ್ದು ಬಗ್ಗಿ ನಿಂತಿತ್ತು.

"ದಯವಿಟ್ಟು ಗಮನಿಸಿ. ಎಲ್ಲರೂ ಒಳಗೆ ಹೋಗಿ."

ನಾವು ಅಕ್ಕನನ್ನು ನೋಡಿದೆವು. ಅವಳ ತುಟಿ ಮುಚ್ಚಿತ್ತು. ಅವಳ ದನಿ ಅವಳ ತಲೆಯ ಮೇಲಿನಿಂದ, ಬೆನ್ನ ಹಿಂದಿನಿಂದ, ಆಚೆ ಬೀದಿಯಿಂದ ಬರುತ್ತಿತ್ತು. ನಡುನಡುವೆ ಉಸಿರು ಎಳೆದುಕೊಳ್ಳುತ್ತಿತ್ತು, ಆದರೆ ಇಲ್ಲಿ ಅವಳ ಎದೆ ಏರುತ್ತಿರಲಿಲ್ಲ. ಜೀವಂತ ಕೂತವಳ ಎದುರಿಗೇ ಅವಳ ದನಿ ಊರು ಸುತ್ತುವುದನ್ನು ನೋಡಿದರೆ, ಯಾವುದು ಇಲ್ಲಿದೆ, ಯಾವುದು ಹೋಗಿದೆ ಎಂದು ಮೈ ಜುಮ್ಮೆನ್ನುತ್ತದೆ. ಅಕ್ಕ ಮೆಲ್ಲಗೆ ಕತ್ತು ತಿರುಗಿಸಿ ತನ್ನ ಮನೆಯತ್ತ ನೋಡಿದಳು. ನಾವೂ ನೋಡಿದೆವು.

ಕಿಟಕಿ ತೆರೆದಿತ್ತು. ನಾದಿನಿ ಕೈಕಟ್ಟಿಕೊಂಡು ನಿಂತಿದ್ದಳು.

ಒಬ್ಬೊಬ್ಬರಾಗಿ ಕೂತೆವು. ಅಧಿಕಾರಿ ಮೇಜಿನ ಕೆಳಗೆ ಹೋಗಲು ಬಗ್ಗಿದವನು, ಎಲ್ಲರೂ ಕೂತದ್ದು ಕಂಡು ಪೆನ್ನು ಹೆಕ್ಕಿಕೊಳ್ಳುವಂತೆ ನಟಿಸಿ ಮೇಲೆದ್ದ. "ನಿಯಮದ ಪ್ರಕಾರ ಎಲ್ಲರೂ ಒಳಗೆ ಹೋಗಬೇಕು ಸಾರ್" ಎಂದು ಇಸ್ತ್ರಿ ಅಂಗಿಯವನು ಕೂಗಿದ. ಅವನ ಮಾತು ಅಕ್ಕನ ದನಿಯಲ್ಲಿ ಮುಳುಗಿಹೋಯಿತು.

ಅಧ್ಯಕ್ಷರು ಭಾಷಣದ ಮೊದಲ ಪುಟ ಓದಲು ಹೋದರು. ಕಂಬ ಅವರಿಗೆ ಸಂದು ಕೊಡಲಿಲ್ಲ. ಅವರು ಪುಟಗಳನ್ನು ಜೇಬಿಗೆ ತುರುಕಿ, ಜೀವಮಾನದಲ್ಲಿ ಮೊದಲ ಸಲ ಚುಟುಕಾಗಿ ಕೂಗಿದರು: "ನೀರು ಕುಡಿಯೋ ಹಾಗಿಲ್ಲ ಸ್ವಾಮಿ! ನಮ್ಮ ಬೀದಿ ಕೊಡಲ್ಲ! ಬೇಡ!"

ಅನುಮೋದಕರಿಗಾಗಿ ಅವರು ಕಾಯಲಿಲ್ಲ. ಅವರ ಹಿಂದೆ ಪಾತ್ರೆ ಅಂಗಡಿಯಾಕೆ ಎದ್ದಳು. "ಬೇಡ!" ಕೆಮ್ಮುವ ಲಾರಿ ಡ್ರೈವರು ಎದ್ದ, ಕೆಮ್ಮಿ, "ಬೇಡ" ಎಂದ. ಅಜ್ಜಿಯರು ಕೋಲೂರಿ ಎದ್ದು ಅಂದರು. ನಾನೂ ಅಂದೆ, ನನ್ನ ದನಿಗೆ ಎರಡು ಪದ ಸಾಕು, ಒಂದರಲ್ಲೇ ಮುಗಿಸಿದೆ. ಕಂಬ ಒಳಗೆ ಹೋಗಿ ಎನ್ನುತ್ತಲೇ ಇತ್ತು, ಊರು ಅದರ ಮೇಲೆ ದನಿಯೇರಿಸಿ ಬೇಡ ಎನ್ನುತ್ತಿತ್ತು. ಅಕ್ಕ ಕೈಗಳನ್ನು ಮಡಿಲಲ್ಲಿಟ್ಟು, ಇಡೀ ಊರು ತನ್ನ ದನಿಯ ಮೇಲೆ ಕಿರುಚುವುದನ್ನು ಕೇಳುತ್ತ ಕೂತಿದ್ದಳು. ಅವಳ ಕಣ್ಣಿಂದ ನೀರಿಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಬಂಡೆ ಸಿಡಿಯಲೇ ಇಲ್ಲ. ಬಾವುಟ ಏರಿರಲಿಲ್ಲ. ಅಧಿಕಾರಿ ನಮ್ಮೆಲ್ಲರ ಬೇಡಗಳನ್ನೂ ಬರೆದುಕೊಂಡು ಹೋದ.

ನಮ್ಮ ಬೀದಿ ಉಳಿಯಿತು. ಉಳಿಯಿತು ಎಂದರೆ, ಗುಂಡಿ ನಮ್ಮ ಬೇಲಿಯ ತನಕ ಬಂದು ನಿಂತಿದೆ. ಬೆಟ್ಟದ ಇನ್ನೊಂದು ಮಗ್ಗುಲನ್ನು ಈಗಲೂ ಸಿಡಿಸುತ್ತಾರೆ. ಕೆರೆಯ ಬಣ್ಣ ಹಾಗೇ ಇದೆ. ಕಂಬಗಳನ್ನು ತೆಗೆಸಲು ಸಮಿತಿ ಹೋರಾಡುತ್ತಿದೆ, ಬ್ಯಾಡ್ಜಿನ ಬಣ್ಣವೂ ತೀರ್ಮಾನವಾಗಿದೆ. ಅಕ್ಕ ಮಾತಾಡಿಲ್ಲ. ನಾದಿನಿಯ ಕುಚೋದ್ಯಕ್ಕೆ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ, ಸದ್ದು ಮಾತ್ರ ಬರುವುದಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿದೆ. ಕಂಬದ ಮೇಲಿನವಳಿಗೆ ಒಂದು ದಿನದ ವಯಸ್ಸೂ ಆಗಿಲ್ಲ.

ಮೊನ್ನೆ ಮಧ್ಯಾಹ್ನ ಬಾವುಟ ಏರಿತು, ಅಕ್ಕ ಕಿಟಕಿ ಮುಚ್ಚಿದಳು, ನಾವು ಒಳಗೆ ಹೋದೆವು. ನೆಲ ನಡುಗಿ ನಿಂತಿತು. ಧೂಳು ಇಳಿಯಿತು. ಕಿಟಕಿ ಮಾತ್ರ ತೆರೆಯಲಿಲ್ಲ. ಯಾರೂ ಹೊರಗೆ ಬರಲಿಲ್ಲ. ನನ್ನ ಕಿಟಕಿಯ ಗಾಜಿನಾಚೆ ಬೀದಿ ಬಿಳಿ ಧೂಳು ಹೊದ್ದು ಬಿದ್ದಿತ್ತು, ಒಂದು ಹೆಜ್ಜೆಯ ಗುರುತೂ ಇಲ್ಲ. ಎದುರು ಮನೆಯ ಗಾಜಿನ ಹಿಂದೆ ಅಧ್ಯಕ್ಷರ ಮುಖ, ಪಕ್ಕದ ಗಾಜಿನ ಹಿಂದೆ ಪಾತ್ರೆ ಅಂಗಡಿಯಾಕೆಯ ಮುಖ, ಎಲ್ಲವೂ ತುದಿಮನೆಯ ಮಹಡಿಯತ್ತ.

"ಹ್ಞುಂ. ಈಗ ಹೊರಗೆ ಬರಬಹುದು" ಎಂದಿತು ಕಂಬ.

ಆಮೇಲೆ ತಿಳಿದದ್ದು, ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಹಾಗೇ ತೂಕಡಿಸಿದ್ದಳು, ವಯಸ್ಸಾಯಿತಲ್ಲ. ಬಟ್ಟೆ ಕೊಟ್ಟುಬರಲು ಹೋಗಿದ್ದ ನಾದಿನಿ ಎಲ್ಲೋ ಸಿಕ್ಕಿಕೊಂಡಿದ್ದಳು. ಆದರೆ ಆಗ ಅದು ನಮಗೆ ಗೊತ್ತಿರಲಿಲ್ಲ. ಹೊತ್ತು ಬಾಗುವವರೆಗೆ ಊರೆಲ್ಲ ಗಾಜಿನ ಹಿಂದೆ ನಿಂತಿತ್ತು. ಹೊರಗೆ, ಯಾರೂ ಇಲ್ಲದ ಬೀದಿಯಲ್ಲಿ, ಅಕ್ಕ ತಾಳ್ಮೆಗೆಡದೆ ಗಂಟಲು ಸರಿಮಾಡಿಕೊಂಡು, ಬಸ್ ನಿಲ್ದಾಣದಲ್ಲಿ ತಪ್ಪಿಸಿಕೊಂಡ ಮಕ್ಕಳನ್ನು ಕರೆಯುತ್ತಿದ್ದ ಅದೇ ಮಮತೆಯಲ್ಲಿ ಕರೆಯುತ್ತಿದ್ದಳು.

"ಹೊರಗೆ ಬರಬಹುದು. ಭಯ ಬೇಡ. ಹೊರಗೆ ಬರಬಹುದು."